ಗೃಹಲಕ್ಷ್ಮಿ: ಎರಡು ಸಾವಿರಕ್ಕಿಂತ ಅದು ಬರುವ ತಾರೀಖು ದೊಡ್ಡದು

ಅರಸೀಕೆರೆ ತಾಲ್ಲೂಕು ಬಾಣಾವರ ಹೋಬಳಿಯಲ್ಲಿರುವ ನಮ್ಮ ಮನೆಯ ಗೂಡಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅವ್ವನ ಬ್ಯಾಂಕ್ ಪಾಸ್‌ಬುಕ್ಕು, ಪಡಿತರ ಚೀಟಿ, ನರೇಗಾ ಜಾಬ್ ಕಾರ್ಡು, ಕಿರಾಣಿ ಅಂಗಡಿಯವರು ಬರೆದುಕೊಟ್ಟ ಬಾಕಿ ಚೀಟಿಗಳು ಎಲ್ಲವೂ ಅದರಲ್ಲೇ ಇರುತ್ತವೆ. ಗೃಹಲಕ್ಷ್ಮಿ ಯೋಜನೆಯ ಬಗ್ಗೆ ಬರೆಯುತ್ತಿರುವ ಈ ವಿಮರ್ಶೆಗೆ ಆ ಡಬ್ಬಿಯೇ ಆಧಾರ. ಹಾಸನದಲ್ಲಿ ಕೆಲಸ ಮಾಡುವ ನಾನು ಊರಿಗೆ ಹೋದಾಗಲೆಲ್ಲ ಅವ್ವನ ಪಕ್ಕದಲ್ಲಿ ಕುಳಿತು ಪಾಸ್‌ಬುಕ್ಕಿನ ಸಾಲುಗಳನ್ನೂ ಅಂಗಡಿಯ ಚೀಟಿಗಳನ್ನೂ ತಾಳೆ ನೋಡುತ್ತೇನೆ. ನಾನು ಹೇಳಬೇಕೆಂದಿರುವುದು ಆ ತಾಳೆಯಿಂದ ಗೊತ್ತಾದ ಸಂಗತಿಗಳನ್ನು.

ಯೋಜನೆ ಏನೆಂಬುದು ಹೆಚ್ಚಿನವರಿಗೆ ತಿಳಿದಿದೆ. ಅಂತ್ಯೋದಯ, ಬಿಪಿಎಲ್ ಅಥವಾ ಎಪಿಎಲ್ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾಗಿರುವ ಮಹಿಳೆಯ ಖಾತೆಗೆ ರಾಜ್ಯ ಸರ್ಕಾರ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ; ಆಕೆಯಾಗಲಿ ಪತಿಯಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿರಬಾರದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಇದಕ್ಕೆ ಚಾಲನೆ ಸಿಕ್ಕಿತು. ಅದು ಬರದ ವರ್ಷ. ನಮ್ಮ ಒಂದು ಎಕರೆ ಖುಷ್ಕಿಯಲ್ಲಿ ರಾಗಿ ತೆನೆ ಕಟ್ಟುವ ಮೊದಲೇ ಬಾಡಿತ್ತು, ಇದ್ದ ತೆಂಗಿನ ಮರಗಳಲ್ಲಿ ಕೆಲವು ಸುಳಿ ಒಣಗಿ ನಿಂತಿದ್ದವು. ಹಣ ಬರುವ ಹೊತ್ತಿಗೆ ನಮ್ಮ ಮನೆಯ ಸ್ಥಿತಿ ಹೀಗಿತ್ತು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಅರ್ಜಿ ಹಾಕಿದ್ದು ಸುಲಭವಾಗಿಯೇ ಮುಗಿಯಿತು. ತೊಡಕು ಶುರುವಾದದ್ದು ಆಮೇಲೆ. ಅಕ್ಕಪಕ್ಕದ ಮನೆಯವರಿಗೆಲ್ಲ ಹಣ ಬಂದ ಮೇಲೂ ಅವ್ವನ ಪಾಸ್‌ಬುಕ್ಕಿನಲ್ಲಿ ಏನೂ ಕಾಣಲಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದರೆ ಆಧಾರ್ ಲಿಂಕ್ ಆಗಿದೆ ಎಂದರು, ಅರ್ಜಿ ಹಾಕಿದ ಕೇಂದ್ರದಲ್ಲಿ ಅರ್ಜಿ ಮಂಜೂರಾಗಿದೆ ಎಂದರು. ಎರಡೂ ನಿಜವೇ ಆಗಿತ್ತು. ಆದರೆ ನೇರ ನಗದು ವರ್ಗಾವಣೆಯ ಹಣ ಹೋಗುವುದು ಖಾತೆಯ ಸಂಖ್ಯೆ ನೋಡಿ ಅಲ್ಲ, ಆಧಾರ್ ಸಂಖ್ಯೆ ನೋಡಿ. ಒಬ್ಬರಿಗೆ ಎರಡು ಮೂರು ಖಾತೆಗಳಿದ್ದರೆ, ಬ್ಯಾಂಕುಗಳ ನಡುವಿನ ಹಣ ಪಾವತಿಯ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಯಾವ ಬ್ಯಾಂಕಿನ ಹೆಸರು ಸೇರಿದೆಯೋ ಆ ಬ್ಯಾಂಕಿಗೆ ಹಣ ಹೋಗುತ್ತದೆ. ಅವ್ವನ ವಿಷಯದಲ್ಲಿ ಅದು ಎಂದೋ ಕೂಲಿ ಹಣಕ್ಕೆಂದು ತೆರೆದು, ಪಾಸ್‌ಬುಕ್ಕೂ ಕಳೆದುಹೋಗಿದ್ದ ಖಾತೆಯಾಗಿತ್ತು. ಎರಡು ಕಂತು ಅಲ್ಲಿ ಯಾರೂ ಮುಟ್ಟದೆ ಬಿದ್ದಿದ್ದವು. ಹಣ ಬಂದಿಲ್ಲವೆಂದು ಕೊರಗುವವರು ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆಯೇ’ ಎಂದು ಕೇಳಿ ಸುಮ್ಮನಾಗದೆ, ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಆಗಿದೆ’ ಎಂದು ಕೇಳಬೇಕು. ಡಿಬಿಟಿ ಕರ್ನಾಟಕ ಎಂಬ ಸರ್ಕಾರದ ಆ್ಯಪ್‌ನಲ್ಲಿಯೂ ಯಾವ ಖಾತೆಗೆ ಹಣ ಬಿದ್ದಿದೆ ಎಂದು ನೋಡಬಹುದು. ನಮಗೆ ಈ ಒಂದು ಮಾತು ಗೊತ್ತಾಗಲು ಒಂದೂವರೆ ತಿಂಗಳು ಹಿಡಿಯಿತು.

ಹಣ ಕೈಗೆ ಬರುವ ಕೊನೆಯ ಗಜವೇ ಈ ಸೇವೆಯ ಅತ್ಯಂತ ದುರ್ಬಲ ಭಾಗ. ಅವ್ವ ಹಲವು ವರ್ಷ ತೆಂಗಿನ ನಾರಿನ ಕೆಲಸಕ್ಕೆ ಹೋದವಳು. ಬೆರಳ ತುದಿಯ ಗೆರೆಗಳು ಸವೆದುಹೋಗಿವೆ. ಹಣ ತೆಗೆಯಲು ಅವಳು ಹೋಗುತ್ತಿದ್ದ ಒಂದು ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರ ಅವಳನ್ನು ಗುರುತಿಸುತ್ತಿರಲಿಲ್ಲ. ಸೆರಗಿನಲ್ಲಿ ಒರೆಸಿ, ತಲೆಗೂದಲಿಗೆ ಉಜ್ಜಿ ಒಂದಿಷ್ಟು ಎಣ್ಣೆ ಹತ್ತಿಸಿಕೊಂಡು, ಹತ್ತೂ ಬೆರಳನ್ನು ಒಂದೊಂದಾಗಿ ಇಟ್ಟು ನೋಡಿದ ಮೇಲೆ ಎಡಗೈಯ ಉಂಗುರದ ಬೆರಳು ಒಪ್ಪಿತು. ಅಷ್ಟು ಹೊತ್ತು ಹಿಂದೆ ನಿಂತವರು ಗೊಣಗುತ್ತಿದ್ದರು. ಅದೇ ಕೇಂದ್ರದಲ್ಲಿ ಪ್ರತಿ ಸಲ ಐವತ್ತು ರೂಪಾಯಿ ಹಿಡಿದುಕೊಂಡು 1,950 ಕೊಡುತ್ತಿದ್ದರು, ರಸೀದಿ ಕೊಡುತ್ತಿರಲಿಲ್ಲ. ನಾನು ಪಾಸ್‌ಬುಕ್ಕು ತಾಳೆ ನೋಡುವವರೆಗೆ ಅದು ಸರ್ಕಾರವೇ ಮುರಿದುಕೊಳ್ಳುವ ಹಣವೆಂದು ಅವ್ವ ನಂಬಿದ್ದಳು. ಈಗ ಅವಳು ಬಾಣಾವರದ ಸಂತೆಗೆ ಹೋದಾಗ ಬ್ಯಾಂಕಿನ ಕೌಂಟರಿನಲ್ಲೇ ಹಣ ತೆಗೆಯುತ್ತಾಳೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿಗೆ ಕಾಸು ಕೊಡಬೇಕಾಗಿಲ್ಲದ ಕಾರಣ ಇದು ಸಾಧ್ಯವಾಯಿತು. ಇಲ್ಲವಾಗಿದ್ದರೆ ಆ ಐವತ್ತು ರೂಪಾಯಿಗೂ ಬಸ್ ಚಾರ್ಜಿಗೂ ಸರಿಹೋಗುತ್ತಿತ್ತು.

ಇನ್ನು ಹಣ ಮಾಡಿದ್ದೇನು ಎಂಬ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲ ಹಣದಲ್ಲಿ ಅವ್ವ ಕಿರಾಣಿ ಅಂಗಡಿಯ ಬಾಕಿ ತೀರಿಸಿದಳು. ಅದು ಮೇಲ್ನೋಟಕ್ಕೆ ಸಣ್ಣ ಸಂಗತಿ. ಆದರೆ ಲೆಕ್ಕಕ್ಕೆ ಬರೆಸಿ ಸಾಮಾನು ತರುವವರು ಅಂಗಡಿಯವರು ಕೊಟ್ಟಿದ್ದನ್ನು ಅವರು ಹೇಳಿದ ಬೆಲೆಗೆ ತರಬೇಕು, ಬೇಳೆಯಲ್ಲಿ ಹುಳುವಿದ್ದರೂ ವಾಪಸು ಕೊಡುವ ಮಾತಿಲ್ಲ. ರೊಕ್ಕ ಕೊಟ್ಟು ತರುವವರಾದ ಮೇಲೆ ಅವ್ವ ಸಂತೆಯಲ್ಲಿ ನಾಲ್ಕು ಕಡೆ ಕೇಳಿ, ಕೈಯಲ್ಲಿ ಹಿಡಿದು ನೋಡಿ ಬೇಳೆ ತರತೊಡಗಿದಳು. ಅದೇ ಅಂಗಡಿಯವರು ಈಗ ‘ಬಾರಕ್ಕ, ಏನ್ ಬೇಕು’ ಎಂದು ಮಾತನಾಡಿಸುತ್ತಾರೆ. ನಂತರದ ತಿಂಗಳುಗಳಲ್ಲಿ ಹಣ ಹೋದದ್ದು ಸಂಘದ ವಾರದ ಕಂತಿಗೆ, ಅವ್ವನ ಬಿಪಿ ಮಾತ್ರೆಗೆ, ಗ್ಯಾಸ್ ಸಿಲಿಂಡರಿಗೆ, ಪಿಯುಸಿ ಓದುವ ತಮ್ಮನ ನೋಟ್‌ಬುಕ್ಕು ಮತ್ತು ಪರೀಕ್ಷಾ ಶುಲ್ಕಕ್ಕೆ. ಮೊದಲು ಅವ್ವ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಳು, ಒಂದು ಶೀಟು ಎರಡು ಪಟ್ಟು ದಿನ ಬರಲೆಂದು. ಈ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಿಲ್ಲಿಸಿದ ಮೇಲೆ ಒಂದು ದಿನ ತಾನಾಗಿಯೇ ಹೇಳಿದಳು.

ಇದಕ್ಕಿಂತ ದೊಡ್ಡ ಬದಲಾವಣೆ ಕಂಡದ್ದು ಕೂಲಿಯಲ್ಲಿ. ನಮ್ಮ ಬಯಲುಸೀಮೆಯ ಊರುಗಳಿಂದ ಕಾಫಿ ಕೊಯ್ಲಿನ ಕಾಲಕ್ಕೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಗೆ ಹೋಗುವವರು ಬಹಳ ಮಂದಿ ಇದ್ದಾರೆ. ಮಳೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದಾಗ ಮೇಸ್ತ್ರಿಯಿಂದ ಮುಂಗಡ ಪಡೆದವರು, ಕೊಯ್ಲಿಗೆ ಅವರು ಕರೆದ ತೋಟಕ್ಕೆ, ಅವರು ಹೇಳಿದ ಕೂಲಿಗೆ ಹೋಗಲೇಬೇಕು. ಅವ್ವ ವರ್ಷಾನುವರ್ಷ ಹಾಗೆ ಹೋದವಳು. ಗೃಹಲಕ್ಷ್ಮಿ ಬಂದ ಮೇಲೆ ಅವಳು ಮುಂಗಡ ತೆಗೆದುಕೊಂಡಿಲ್ಲ. ಕೊಯ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ಆದರೆ ಎರಡು ಮೂರು ತೋಟಗಳ ಕೂಲಿ ವಿಚಾರಿಸಿಕೊಂಡು ಹೆಚ್ಚು ಕೊಡುವಲ್ಲಿಗೆ ಹೋಗುತ್ತಾಳೆ, ಜ್ವರ ಬಂದರೆ ಒಂದು ದಿನ ಮಲಗುತ್ತಾಳೆ. ‘ಬಿಟ್ಟಿ ಹಣ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ’ ಎನ್ನುವವರ ಮಾತು ನನಗೆ ನೋವುಂಟುಮಾಡುವುದು ಈ ಕಾರಣಕ್ಕೆ. ತಿಂಗಳಿಗೆ ಎರಡು ಸಾವಿರದಲ್ಲಿ ನಾಲ್ಕು ಜನರ ಮನೆ ಕೂತು ಉಣ್ಣಲು ಸಾಧ್ಯವೇ ಇಲ್ಲ. ಅದರಿಂದ ಸಾಧ್ಯವಾದದ್ದು ಕೂಲಿಯ ಮಾತು ಬಂದಾಗ ತಲೆ ಎತ್ತಿ ‘ಆಗುವುದಿಲ್ಲ’ ಎನ್ನುವುದು.

ಬೇರೆ ಕಡೆಯ ಅನುಭವವೂ ಇದಕ್ಕೆ ಹೊರತಾಗಿಲ್ಲ. ಮಧ್ಯಪ್ರದೇಶದಲ್ಲಿ ‘ಸೇವಾ’ (SEWA) ಎಂಬ ದುಡಿಯುವ ಮಹಿಳೆಯರ ಸಂಘಟನೆ ಯುನಿಸೆಫ್ ನೆರವಿನಿಂದ 2011ರ ಸುಮಾರಿಗೆ ಎಂಟು ಹಳ್ಳಿಗಳಲ್ಲಿ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿಯಂತೆ ಆರಂಭಿಸಿ ಯಾವ ಷರತ್ತೂ ಇಲ್ಲದೆ ಕೊಟ್ಟು ನೋಡಿತು. ಕುಡಿತದ ಖರ್ಚು ಅದರಿಂದ ಹೆಚ್ಚಲಿಲ್ಲ, ಜನ ಕುರಿ, ಮೇಕೆ, ಹಸು ಕೊಂಡರು. ಕೀನ್ಯಾದಲ್ಲಿ ಗಿವ್‌ಡೈರೆಕ್ಟ್‌ಲಿ ಸಂಸ್ಥೆ ಬಡ ಕುಟುಂಬಗಳಿಗೆ ಮೊಬೈಲ್ ಮೂಲಕ ಹಣ ಕಳಿಸಿದಾಗ ಸಂಶೋಧಕರು ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿದರು: ತಿಂಗಳು ತಿಂಗಳು ಪಡೆದವರ ಮನೆಯಲ್ಲಿ ಊಟ ಸುಧಾರಿಸಿತು, ಒಟ್ಟಿಗೆ ಪಡೆದವರು ಬಾಳಿಕೆ ಬರುವ ವಸ್ತುಗಳ ಮೇಲೆ ಹೆಚ್ಚು ಹಾಕಿದರು.

ಈ ಕೊನೆಯ ಮಾತನ್ನು ನಮ್ಮ ಡಬ್ಬಿಯ ಚೀಟಿಗಳು ಅಕ್ಷರಶಃ ಹೇಳುತ್ತವೆ. ಗೃಹಲಕ್ಷ್ಮಿಯ ಕಂತುಗಳು ಎರಡು ಮೂರು ತಿಂಗಳು ತಡವಾಗಿ ಸೇರಿ ಬಂದದ್ದು ರಾಜ್ಯಕ್ಕೆಲ್ಲ ಗೊತ್ತಿರುವ ಸಂಗತಿ. ಹಾಗೆ ಒಮ್ಮೆ ಆರು ಸಾವಿರ ಸೇರಿ ಬಂದಾಗ ಅವ್ವ ಒಂದು ಹೆಣ್ಣು ಕುರಿಮರಿ ಕೊಂಡಳು. ಅದು ಈಗ ಎರಡು ಮರಿ ಹಾಕಿದೆ. ಕೇಳಲು ಚೆನ್ನಾಗಿದೆ. ಆದರೆ ಹಣ ಬಾರದ ತಿಂಗಳುಗಳ ಚೀಟಿಗಳನ್ನು ನೋಡಿದರೆ ಅಂಗಡಿಯ ಬಾಕಿ ಮತ್ತೆ ಶುರುವಾಗಿತ್ತು, ನೂರಕ್ಕೆ ಐದರ ಬಡ್ಡಿಗೆ ಮೂರು ಸಾವಿರ ಕೈಸಾಲ ಆಗಿತ್ತು. ಕೀನ್ಯಾದವರಿಗೆ ಹಣ ಯಾವಾಗ ಬರುತ್ತದೆಂದು ಮೊದಲೇ ತಿಳಿದಿತ್ತು. ಅವ್ವನಿಗೆ ತಿಳಿದಿರಲಿಲ್ಲ, ಹಾಗಾಗಿ ಅವಳು ಕುರಿಗೂ ಯೋಜನೆ ಹಾಕಿರಲಿಲ್ಲ, ಸಾಲಕ್ಕೂ ಸಿದ್ಧಳಿರಲಿಲ್ಲ. ಅವಳ ಮಾತಿನಲ್ಲೇ ಹೇಳುವುದಾದರೆ, ‘ಇಂಥ ತಾರೀಕ್ಗೆ ಬತ್ತದೆ ಅಂತ ಗೊತ್ತಿದ್ರೆ ಸಾವ್ರನೇ ಬರ್ಲಿ, ಯಾರ ಬಾಗ್ಲಿಗೂ ಹೋಗಕಿಲ್ಲ.’

ಅಜ್ಜಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ ಮಾತ್ರ, ಆದರೂ ನಮ್ಮ ಮನೆಯಲ್ಲಿ ಅದು ಹೆಚ್ಚು ಕ್ರಮವಾಗಿ ಬಂದಿರುವುದರಿಂದ ಅಜ್ಜಿಯ ಔಷಧಕ್ಕೆ ಸಾಲ ಮಾಡಿದ್ದು ನನಗೆ ನೆನಪಿಲ್ಲ. ಅನ್ನಭಾಗ್ಯದಲ್ಲಿ 2023ರ ಜುಲೈನಿಂದ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬರುತ್ತಿದ್ದದ್ದು 2025ರ ಫೆಬ್ರವರಿಯಿಂದ ನಿಂತು ಅಕ್ಕಿಯೇ ಬರತೊಡಗಿತು. ರಾಗಿ ಉಣ್ಣುವ ನಮ್ಮ ಮನೆಗೆ ಹಣವೇ ಅನುಕೂಲವಾಗಿತ್ತು, ಬೇರೆಯವರಿಗೆ ಬೇರೆ ಅಭಿಪ್ರಾಯವಿರಬಹುದು.

ಐದು ಅಂಕಗಳಲ್ಲಿ ಕೊಡಬೇಕೆಂದರೆ ಯೋಜನೆಯ ಉದ್ದೇಶಕ್ಕೆ, ಹೆಂಗಸಿನ ಹೆಸರಿನ ಖಾತೆಗೇ ಹಣ ಹಾಕುವ ನಿರ್ಧಾರಕ್ಕೆ ಐದೂ ಕೊಡುತ್ತೇನೆ. ಹಣ ತಲುಪುವ ದಾರಿಗೆ ಮೂರು. ಸಮಯಪಾಲನೆಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಮೊತ್ತವನ್ನು ಹೆಚ್ಚಿಸಿ ಎಂದು ನಾನು ಕೇಳುವುದಿಲ್ಲ. ತಿಂಗಳಿನ ಒಂದು ತಾರೀಖನ್ನು ಗೊತ್ತುಮಾಡಿ, ಅಂದು ಹಣ ಹಾಕಲಾಗದಿದ್ದರೆ ಯಾವಾಗ ಹಾಕುತ್ತೇವೆಂದು ಯಜಮಾನಿಯ ಫೋನಿಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸಿದರೆ ಸಾಕು. ಅವ್ವನಿಗೆ ಓದಲು ಬರುವುದಿಲ್ಲ, ತಮ್ಮ ಓದಿ ಹೇಳುತ್ತಾನೆ.