ಮೋಡದೊಳಗಿನ ಹಾರಾಟಕ್ಕೆ ಮನೆಯಲ್ಲೇ ತಾಲೀಮು: ಎಕ್ಸ್-ಪ್ಲೇನ್ 12 ಮತ್ತು ಅದರ ಜೊತೆಗಿನ ಸಾಮಾನು

ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರುವ ಪರವಾನಗಿ) ಪಡೆದು ವರ್ಷಗಟ್ಟಲೆ ಮೋಡದೊಳಗೆ ಹೋಗದೇ ಇದ್ದ ಪೈಲಟ್‌ಗೆ ಮೊದಲು ಕೈಕೊಡುವುದು ಕಣ್ಣು. ಎದುರಿನ ಆರು ಗಡಿಯಾರಗಳ (ದುಂಡು ಉಪಕರಣಗಳ) ಮೇಲೆ ಸುತ್ತುತ್ತಿರಬೇಕಾದ ನೋಟ ಯಾವುದೋ ಒಂದು ಸೂಜಿಯ ಮೇಲೆ ನಿಂತುಬಿಡುತ್ತದೆ. ಅಷ್ಟರಲ್ಲಿ ಎತ್ತರ 200 ಅಡಿ ಜಾರಿರುತ್ತದೆ. ಅದನ್ನು ಸರಿಮಾಡಲು ಹೋದರೆ ಹೆಡಿಂಗ್ (ಮೂಗು ತಿರುಗಿರುವ ದಿಕ್ಕು) ತಪ್ಪುತ್ತದೆ, ಹೆಡಿಂಗ್ ಹಿಡಿದರೆ ರೇಡಿಯೋದಲ್ಲಿ ಹೇಳಿದ ಫ್ರೀಕ್ವೆನ್ಸಿ ಮರೆತುಹೋಗುತ್ತದೆ. ಈ ಕಾಯಿಲೆಗೆ ಮನೆಯ ಕಂಪ್ಯೂಟರ್‌ನಲ್ಲಿ ಓಡುವ ಎಕ್ಸ್-ಪ್ಲೇನ್ 12ರಂಥ ಸಿಮ್ಯುಲೇಟರ್ ಒಳ್ಳೆಯ ಮದ್ದು. ಶಿವಮೊಗ್ಗದಲ್ಲಿ ಕೂತವರಿಗಂತೂ ಬೇರೆ ದಾರಿ ಕಡಿಮೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ಗೆ ರಸ್ತೆಯಲ್ಲಿ 300 ಕಿಲೋಮೀಟರ್. ಒಂದು ಗಂಟೆ ಹಾರಲು ಒಂದು ದಿನ ಪೂರ್ತಿ ಕೊಡಬೇಕು. ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆಯಲ್ಲಿ ಸಣ್ಣ ವಿಮಾನದ ಮಾತೇ ಇಲ್ಲ. ಶಿವಮೊಗ್ಗ ಪಕ್ಕದ ಸೋಗಾನೆ ವಿಮಾನ ನಿಲ್ದಾಣದಲ್ಲಿ 2023ರಿಂದ 3,200 ಮೀಟರ್ ರನ್‌ವೇ ಇದೆ, ನಿಜ. ಆದರೆ ಅಲ್ಲಿಗೆ ಎಟಿಆರ್ ವಿಮಾನ ಬಂದು ಹೋಗುವುದನ್ನು ನೋಡಿ ಸ್ಕ್ಯಾನ್ (ಗಡಿಯಾರಗಳ ಮೇಲೆ ನೋಟ ಸುತ್ತಿಸುವ ರೂಢಿ) ಮರಳಿ ಬರುವುದಿಲ್ಲ.

ಸಾಮಾನು ಕೊಳ್ಳುವ ಮೊದಲೇ ಒಂದು ವಿಷಯ ಸ್ಪಷ್ಟವಾಗಿರಲಿ. ಮನೆಯ ಕಂಪ್ಯೂಟರ್‌ನಲ್ಲಿ ಕಳೆದ ಒಂದು ನಿಮಿಷವೂ ಲಾಗ್‌ಬುಕ್‌ಗೆ ಬರುವುದಿಲ್ಲ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಲೆಕ್ಕಕ್ಕೆ ಹಿಡಿಯುವುದು ತಾನು ಅನುಮೋದಿಸಿದ ಸಿಮ್ಯುಲೇಟರ್‌ಗಳನ್ನು ಮಾತ್ರ. ಅಮೆರಿಕದ ಲೈಸೆನ್ಸ್ ಇರುವವರಿಗೂ ಇದೇ ಕಥೆ. ಅಲ್ಲಿ 6 ತಿಂಗಳಲ್ಲಿ 6 ಅಪ್ರೋಚ್ (ಉಪಕರಣ ನೋಡಿ ರನ್‌ವೇಗೆ ಇಳಿದು ಬರುವುದು), ಹೋಲ್ಡಿಂಗ್ (ಒಂದು ಬಿಂದುವಿನ ಬಳಿ ಸುತ್ತುತ್ತ ಕಾಯುವುದು), ಕೋರ್ಸ್ (ಗೊತ್ತುಮಾಡಿದ ದಾರಿಯ ಗೆರೆ) ಹಿಡಿದು ಹಾರುವುದು ಇಷ್ಟನ್ನೂ ವಿಮಾನದಲ್ಲಿ ಅಥವಾ ಅಲ್ಲಿನ ನಿಯಂತ್ರಕ ಎಫ್‌ಎಎಯ ಅನುಮೋದನೆ ಪತ್ರ ಇರುವ ಯಂತ್ರದಲ್ಲೇ ಮಾಡಬೇಕು. ಹಾಗಾಗಿ ಇಲ್ಲಿ ಕೊಳ್ಳುತ್ತಿರುವುದು ಗಂಟೆಗಳನ್ನಲ್ಲ, ಚುರುಕನ್ನು. ಇನ್‌ಸ್ಟ್ರಕ್ಟರ್ ಜೊತೆ ಕೂರುವ ಹೊತ್ತಿಗೆ ಮೊದಲ ಮೂರು ಗಂಟೆ ತಡಕಾಟದಲ್ಲಿ ಕಳೆಯಬಾರದು, ಅಷ್ಟೇ.

ಸಾಫ್ಟ್‌ವೇರ್‌ನಲ್ಲಿ ಪೈಪೋಟಿ ಇರುವುದು ಎರಡರ ನಡುವೆ: ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮತ್ತು ಲ್ಯಾಮಿನಾರ್ ರಿಸರ್ಚ್‌ನ ಎಕ್ಸ್-ಪ್ಲೇನ್ 12. ನೋಟಕ್ಕೆ ಮೈಕ್ರೋಸಾಫ್ಟ್‌ನದೇ ಚಂದ. ಕೊಡಚಾದ್ರಿಯ ತುದಿ, ಲಿಂಗನಮಕ್ಕಿಯ ಹಿನ್ನೀರು ಅದರಲ್ಲಿ ಮನಸ್ಸು ತುಂಬುವಂತೆ ಕಾಣುತ್ತವೆ. ಆದರೆ ಮೋಡದೊಳಗಿನ ಅಭ್ಯಾಸಕ್ಕೆ ಹೊರಗಿನ ನೋಟ ಬೇಕಿಲ್ಲ. ಅದರ 2024ರ ಆವೃತ್ತಿ ಹೆಚ್ಚಿನ ಭೂದೃಶ್ಯವನ್ನು ಇಂಟರ್ನೆಟ್‌ನಿಂದಲೇ ಎಳೆದುಕೊಳ್ಳುತ್ತದೆ. ಗಾಳಿಗೆ ಮರ ಬಿದ್ದು ಫೈಬರ್ ಲೈನ್ ಹರಿದು ಎರಡು ದಿನ ನೆಟ್ ಇಲ್ಲದಿರುವ ತೀರ್ಥಹಳ್ಳಿ, ಹೊಸನಗರದ ಮನೆಗಳಿಗೆ ಅದು ಒಗ್ಗದು. ಎಕ್ಸ್-ಪ್ಲೇನ್‌ನಲ್ಲಿ ಬೇಕಾದ ಪ್ರದೇಶವನ್ನು ಒಮ್ಮೆ ಇಳಿಸಿಕೊಂಡು ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ಕೊಳ್ಳುವ ಮೊದಲು ಉಚಿತ ಡೆಮೊ ಹಾಕಿ ನಿಮ್ಮ ಕಂಪ್ಯೂಟರ್ ತಡೆದುಕೊಳ್ಳುತ್ತದೆಯೇ ನೋಡಿ. 16 ಜಿಬಿ ರ‍್ಯಾಮ್, 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನಿಶ್ಚಿಂತೆ.

ಎಕ್ಸ್-ಪ್ಲೇನ್‌ಗೆ ಹೆಚ್ಚು ಅಂಕ ಕೊಡಲು ಮುಖ್ಯ ಕಾರಣ ಬೇರೆಯೇ ಇದೆ. ಅದರಲ್ಲಿ ಒಂದೊಂದು ಉಪಕರಣವನ್ನೂ ಬೇಕಾದ ಹಾಗೆ ಕೆಡಿಸಬಹುದು. ಕೆಲವು ಗಡಿಯಾರಗಳನ್ನು ಓಡಿಸುವ ವ್ಯಾಕ್ಯೂಮ್ ಪಂಪ್ ಇಂಥ ಎತ್ತರದಲ್ಲಿ, ಇಂಥ ವೇಗದಲ್ಲಿ ಅಥವಾ ಯಾವಾಗಲೋ ಒಮ್ಮೆ ಕೆಡಲಿ ಎಂದು ಹೇಳಿಡಬಹುದು. ನಿಜವಾಗಿ ಕೆಡುವಂತೆಯೇ ಆಟಿಟ್ಯೂಡ್ ಇಂಡಿಕೇಟರ್ (ವಿಮಾನ ವಾಲಿದ್ದನ್ನು ತೋರಿಸುವುದು) ನಿಧಾನವಾಗಿ ವಾಲುತ್ತದೆ, ಹೆಡಿಂಗ್ ಇಂಡಿಕೇಟರ್ ಜಾರುತ್ತದೆ. ವಿಮಾನದಲ್ಲಿ ಇನ್‌ಸ್ಟ್ರಕ್ಟರ್ ಗಡಿಯಾರಕ್ಕೆ ರಬ್ಬರ್ ಮುಚ್ಚಳ ಅಂಟಿಸಿದರೆ ಕೆಟ್ಟಿದ್ದು ಯಾವುದು ಎಂದು ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಅದನ್ನು ನೀವೇ ಕಂಡುಹಿಡಿಯಬೇಕು. ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ವಿದ್ಯುತ್ತಿನಲ್ಲಿ ಓಡುವುದರಿಂದ ಅದು ಸುಳ್ಳು ಹೇಳುತ್ತಿಲ್ಲ ಎಂದು ಅರಿತು ಅದನ್ನೇ ನಂಬಬೇಕು. ಈ ಒಂದು ಅಭ್ಯಾಸಕ್ಕಾಗಿಯೇ ಇಡೀ ಖರ್ಚು ಸಾರ್ಥಕ.

ಇನ್ನೊಂದು ಕಾರಣ ಮ್ಯಾಪ್. ಅಪ್ರೋಚ್ ಮುಗಿದ ಮೇಲೆ ನಿಲ್ಲಿಸಿ ನೋಡಿದರೆ ಹಾರಿದ ದಾರಿ ಗೆರೆಯಾಗಿ ಕಾಣುತ್ತದೆ. ಹೋಲ್ಡಿಂಗ್ ಮೊಟ್ಟೆಯಾಕಾರ ಬಿಟ್ಟು ಹಲಸಿನಕಾಯಿಯಂತಾಗಿದ್ದರೆ ಗಾಳಿಯ ಲೆಕ್ಕ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದು.

ಯೋಕ್ (ವಿಮಾನದ ಸ್ಟಿಯರಿಂಗ್) ವಿಚಾರ. ಲಾಜಿಟೆಕ್‌ನದು ಕಡಿಮೆ ಬೆಲೆ, ಥ್ರಾಟಲ್ ಕ್ವಾಡ್ರಂಟ್ (ಎಂಜಿನ್ ಶಕ್ತಿಯ ಸನ್ನೆಗಳು) ಜೊತೆಗೇ ಬರುತ್ತದೆ. ಆದರೆ ಪಕ್ಕಕ್ಕೆ ತಿರುಗುವುದು ಒಟ್ಟು 90 ಡಿಗ್ರಿ ಮಾತ್ರ, ಮಧ್ಯದಲ್ಲಿ ಕೈಗೆ ಸಿಗುವ ಒಂದು ತಡೆ ಇದೆ. ಐಎಲ್‌ಎಸ್‌ನಲ್ಲಿ (ರನ್‌ವೇಗೆ ದಿಕ್ಕು, ಇಳಿಜಾರು ತೋರಿಸುವ ರೇಡಿಯೋ ವ್ಯವಸ್ಥೆ) ಒಂದೆರಡು ಡಿಗ್ರಿ ತಿದ್ದುವಾಗ ಆ ತಡೆ ದಾಟುತ್ತಲೇ ಹೆಚ್ಚಾಗಿಬಿಡುತ್ತದೆ. ಹನಿಕಾಂಬ್ ಆಲ್ಫಾ 180 ಡಿಗ್ರಿ ತಿರುಗುತ್ತದೆ, ಚಲನೆ ನಯ. ಮ್ಯಾಗ್ನೆಟೊ, ಮಾಸ್ಟರ್, ಲೈಟ್ ಸ್ವಿಚ್‌ಗಳೂ ಅದರಲ್ಲೇ ಇವೆ. ಥ್ರಾಟಲ್ ಬೇರೆ ಕೊಳ್ಳಬೇಕು. ಹಣ ಇದ್ದರೆ ಆಲ್ಫಾ. ಇಲ್ಲದಿದ್ದರೆ ಲಾಜಿಟೆಕ್ ತಂದು ಉಳಿದದ್ದನ್ನು ಇನ್‌ಸ್ಟ್ರಕ್ಟರ್ ಜೊತೆಗಿನ ಹಾರಾಟಕ್ಕೆ ಇಡುವುದು ಮೇಲು. ರಡ್ಡರ್ ಪೆಡಲ್ ಕೊನೆಗೆ ಸಾಕು. ಮೋಡದೊಳಗಿನ ಅಭ್ಯಾಸದಲ್ಲಿ ಅದರ ಕೆಲಸ ಕಡಿಮೆ. ಅದಕ್ಕಿಂತ ಮೊದಲು ಒಂದು ಟ್ರಿಮ್ ಚಕ್ರ ತನ್ನಿ.

ಟ್ರಿಮ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ "ಸಿಮ್ಯುಲೇಟರ್‌ನಲ್ಲಿ ಎತ್ತರ ನಿಲ್ಲುವುದೇ ಇಲ್ಲ" ಎಂದು ಬಿಟ್ಟವರಲ್ಲಿ ಬಹಳ ಜನರ ತೊಂದರೆ ಇದೇ. ವಿಮಾನದಲ್ಲಿ ಕೈಗೆ ಬರುವ ಒತ್ತಡವನ್ನು ಟ್ರಿಮ್ ತೆಗೆದುಹಾಕುತ್ತದೆ, ಯೋಕ್ ಇದ್ದಲ್ಲೇ ಇರುತ್ತದೆ. ಮನೆಯ ಯೋಕ್‌ನಲ್ಲಿ ಸ್ಪ್ರಿಂಗ್ ಇದೆ. ಅದು ಯಾವಾಗಲೂ ಮಧ್ಯಕ್ಕೇ ಎಳೆಯುತ್ತದೆ. ಹಾಗಾಗಿ ಮೂಗು ಬೇಕಾದಲ್ಲಿ ಇರುವಂತೆ ಯೋಕ್ ಹಿಡಿದು, ಟ್ರಿಮ್ ತಿರುಗಿಸಿದಷ್ಟೂ ಕೈಯನ್ನು ಮೆಲ್ಲಗೆ ಮಧ್ಯಕ್ಕೆ ಬಿಡಬೇಕು. ಗುಂಡಿಗೆ ಜೋಡಿಸಿದ ಟ್ರಿಮ್ ಒಂದೊಂದು ಒತ್ತಿಗೂ ಜಾಸ್ತಿ ಓಡುವುದುಂಟು. ಚಕ್ರದಲ್ಲಿ ಆ ಕಾಟ ಇಲ್ಲ. ಸೆಟ್ಟಿಂಗ್‌ನಲ್ಲಿ ಪಿಚ್‌ನ (ಮೂಗಿನ ಏರಿಳಿತದ) ರೆಸ್ಪಾನ್ಸ್ ಕರ್ವ್ ಸ್ವಲ್ಪ ಬಾಗಿಸಿ, ನಲ್ ಝೋನ್ (ಯೋಕ್ ಆಡಿಸಿದರೂ ಏನೂ ಆಗದ ಮಧ್ಯದ ಜಾಗ) ಆದಷ್ಟೂ ಕಿರಿದಾಗಿಡಿ.

ಇನ್ನು ತಾಲೀಮು. ಯಕ್ಷಗಾನ ಕಲಿಯುವವನು ಮೊದಲ ದಿನವೇ ವೇಷ ಕಟ್ಟುವುದಿಲ್ಲ. ಇಲ್ಲೂ ಮೊದಲ ವಾರ ಅಪ್ರೋಚ್ ಮುಟ್ಟಬೇಡಿ. ಸೆಸ್ನಾ 172ರಲ್ಲಿ ಹೊರಗೆ ಏನೂ ಕಾಣದ ಮೋಡ ಹಾಕಿ, 90 ನಾಟ್‌ನಲ್ಲಿ ನೇರ ಹಾರಿ. ಅದಕ್ಕೆ ಸುಮಾರು 2,100 ಆರ್‌ಪಿಎಂ ಬೇಕಾಗುತ್ತದೆ. ಅದೇ ವೇಗದಲ್ಲಿ ನಿಮಿಷಕ್ಕೆ 500 ಅಡಿ ಇಳಿಯಲು 1,700ರಿಂದ 1,800. ನಿಮ್ಮ ಸಿಮ್ಯುಲೇಟರ್‌ನಲ್ಲಿ ಬರುವ ಅಂಕಿಗಳನ್ನು ನೀವೇ ನೋಡಿ ರಟ್ಟಿನ ಮೇಲೆ ಬರೆದಿಡಿ. ಸ್ಟ್ಯಾಂಡರ್ಡ್ ರೇಟ್ ತಿರುವಿಗೆ ವೇಗದ ಹತ್ತನೇ ಒಂದು ಭಾಗಕ್ಕೆ 5 ಕೂಡಿಸಿ, ಅಂದರೆ 90 ನಾಟ್‌ಗೆ 14 ಡಿಗ್ರಿ ವಾಲು. ಪೂರ್ತಿ ಸುತ್ತಿಗೆ 2 ನಿಮಿಷ. ಎತ್ತರ 100 ಅಡಿಯೊಳಗೆ, ಹೆಡಿಂಗ್ 5 ಡಿಗ್ರಿಯೊಳಗೆ ನಿಲ್ಲುವವರೆಗೆ ಮುಂದಕ್ಕೆ ಹೋಗಬಾರದು. ಒಂದು ಸಲಕ್ಕೆ 45 ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಕಣ್ಣು ಸೋತು, ತಪ್ಪೇ ಅಭ್ಯಾಸವಾಗುತ್ತದೆ.

ಎರಡನೇ ವಾರ ಹೋಲ್ಡಿಂಗ್. ಬಲಕ್ಕೆ ತಿರುಗುವ ಹೋಲ್ಡ್‌ನಲ್ಲಿ ಒಳಬರುವ ಕೋರ್ಸ್ 090 ಎಂದಿಟ್ಟುಕೊಳ್ಳಿ, ಹೊರಹೋಗುವುದು 270. ಹೋಲ್ಡ್ ಒಳಗೆ ಸೇರುವ ಬಗೆ ಮೂರು, ಹೆಡಿಂಗ್ ಇಂಡಿಕೇಟರ್ ನೋಡಿ: ಆ 270 ನಿಮ್ಮ ಮೂಗಿನಿಂದ ಬಲಕ್ಕೆ 70 ಡಿಗ್ರಿಯೊಳಗಿದ್ದರೆ ಟಿಯರ್‌ಡ್ರಾಪ್ (ಓರೆಯಾಗಿ ಹೋಗಿ ತಿರುಗುವುದು), ಎಡಕ್ಕೆ 110ರೊಳಗಿದ್ದರೆ ಪ್ಯಾರಲಲ್ (ಸಮಾಂತರ ಹೋಗಿ ತಿರುಗುವುದು), ಉಳಿದದ್ದೆಲ್ಲ ಡೈರೆಕ್ಟ್ (ನೇರ ಸೇರುವುದು). 230ರಲ್ಲಿ ಬರುತ್ತಿದ್ದರೆ 270 ಬಲಕ್ಕೆ 40 ಡಿಗ್ರಿ. ಟಿಯರ್‌ಡ್ರಾಪ್, ಫಿಕ್ಸ್ (ಹೋಲ್ಡ್‌ನ ಬಿಂದು) ದಾಟಿ 240 ಹಿಡಿಯಿರಿ. ಒಳಬರುವಾಗ ಗಾಳಿಗೆ ಎಷ್ಟು ಡಿಗ್ರಿ ತಿದ್ದಿದಿರೋ ಹೊರಹೋಗುವಾಗ ಅದರ ಮೂರು ಪಟ್ಟು. ಇಲ್ಲೊಂದು ಎಚ್ಚರಿಕೆ: ಕಂಪ್ಯೂಟರ್ ಸೋತು ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳು) 20ಕ್ಕಿಂತ ಕೆಳಗಿಳಿದರೆ ಎಕ್ಸ್-ಪ್ಲೇನ್ ತನ್ನ ಕಾಲವನ್ನೇ ನಿಧಾನ ಮಾಡಿಕೊಳ್ಳುತ್ತದೆ. ಆಗ ಹೋಲ್ಡ್ ಅಳೆಯುವ ಕೈಗಡಿಯಾರದ ಒಂದು ನಿಮಿಷ ವಿಮಾನದ ಒಂದು ನಿಮಿಷ ಆಗಿರುವುದಿಲ್ಲ. ಪ್ಯಾನಲ್‌ನ ಗಡಿಯಾರವನ್ನೇ ನೋಡಿ. ಕಟ್ಟಡ, ಮರಗಳ ಸ್ಲೈಡರ್ ಇಳಿಸಿ.

ಆಮೇಲೆ ಐಎಲ್‌ಎಸ್. ರನ್‌ವೇಗೆ 10 ನಾಟಿಕಲ್ ಮೈಲಿ ದೂರದಿಂದ ನೇರ ಶುರುಮಾಡುವ ಸೌಲಭ್ಯ ಇರುವುದರಿಂದ ಒಂದು ಗಂಟೆಯೊಳಗೆ ಐದಾರು ಅಪ್ರೋಚ್ ಆಗುತ್ತವೆ. 3 ಡಿಗ್ರಿ ಗ್ಲೈಡ್‌ಸ್ಲೋಪ್‌ಗೆ (ಇಳಿಜಾರಿಗೆ) ನಿಮಿಷಕ್ಕೆ ಗ್ರೌಂಡ್‌ಸ್ಪೀಡ್‌ನ (ನೆಲದ ಮೇಲಿನ ವೇಗದ) ಐದು ಪಟ್ಟು ಅಡಿ ಇಳಿತ: 90ಕ್ಕೆ 450 ಅಡಿ, ಎದುರುಗಾಳಿ 15 ನಾಟ್ ಇದ್ದರೆ 375. ಜಿಪಿಎಸ್‌ನಲ್ಲಿ ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಒಂದು, ಗಾರ್ಮಿನ್ 430 ಜಿಪಿಎಸ್ ಉಪಕರಣದಲ್ಲಿ ಸಿಡಿಐ ಗುಂಡಿ ಒತ್ತಿ ಜಿಪಿಎಸ್‌ನಿಂದ ವಿಎಲ್‌ಒಸಿಗೆ (ನೆಲದ ರೇಡಿಯೋ ಸಂಕೇತಕ್ಕೆ) ಬದಲಿಸದೆ, ಲೋಕಲೈಸರ್ (ಐಎಲ್‌ಎಸ್‌ನ ದಿಕ್ಕಿನ ಸಂಕೇತ) ಎಂದುಕೊಂಡು ಜಿಪಿಎಸ್ ಸೂಜಿಯನ್ನೇ ಹಿಂಬಾಲಿಸುವುದು. ಎರಡು, ಮಿಸ್ಡ್ ಅಪ್ರೋಚ್ (ಇಳಿಯದೆ ಮೇಲೇರುವ) ಬಿಂದುವಿನಲ್ಲಿ ಸಸ್ಪ್ (ಸಸ್ಪೆಂಡ್) ಎಂದು ನಿಂತಾಗ ಒಬಿಎಸ್ ಗುಂಡಿ ಒತ್ತಲು ಮರೆಯುವುದು. ಒತ್ತದಿದ್ದರೆ ಜಿಪಿಎಸ್ ಮುಂದಿನ ದಾರಿ ತೋರಿಸುವುದಿಲ್ಲ. ಅಂದಹಾಗೆ, ಅರ್ಧದಷ್ಟು ಅಪ್ರೋಚ್‌ಗಳಲ್ಲಾದರೂ ಮೋಡವನ್ನು ಮಿನಿಮಮ್‌ಗಿಂತ (ರನ್‌ವೇ ಕಾಣದೆ ಇಳಿಯಬಹುದಾದ ಕೊನೆಯ ಎತ್ತರಕ್ಕಿಂತ) ಕೆಳಗೆ ಇಟ್ಟುಬಿಡಿ. ಪ್ರತಿಸಲ ರನ್‌ವೇ ಕಾಣುತ್ತದೆಂದರೆ ಗೋ-ಅರೌಂಡ್ (ಇಳಿಯದೆ ಮರಳಿ ಏರುವುದು) ಕಲಿತಂತಾಗುವುದಿಲ್ಲ.

ಮಲೆನಾಡಿನವರಿಗೆ ಒಳ್ಳೆಯ ಪೂರ್ಣ ಪಾಠ ಸೋಗಾನೆಯಿಂದ ಮಂಗಳೂರು. ನೇರ ಸುಮಾರು 70 ನಾಟಿಕಲ್ ಮೈಲಿ, ಕಾಗದದಲ್ಲಿ ಸುಲಭ. ಆದರೆ ಶೃಂಗೇರಿ ದಾಟಿ ಎಡಕ್ಕೆ ಕುದುರೆಮುಖ, 1,894 ಮೀಟರ್, ಅಂದರೆ 6,200 ಅಡಿ ಮೀರಿದ್ದು. ಗೆರೆಯಿಂದ ದೂರವಿದ್ದರೂ ಅಭ್ಯಾಸಕ್ಕೆ ಅದನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಬೆಟ್ಟದ ಸೀಮೆಗೆ 2,000 ಅಡಿ ಸೇರಿಸಿದರೆ 8,200 ದಾಟುತ್ತದೆ. ಪಶ್ಚಿಮದ ಕಡೆಗಿನ ದಾರಿಗೆ ಸಮಸಂಖ್ಯೆಯ ಸಾವಿರ ಬೇಕು, 8,000 ಸಾಲದು, 10,000ಕ್ಕೇ ಏರಬೇಕು. ಕುದುರೆಮುಖದ ಪಕ್ಕಕ್ಕೆ ಬಂದಾಗ ಮಂಗಳೂರಿಗೆ ಉಳಿಯುವುದು ಸುಮಾರು 20 ಮೈಲಿ. 120 ನಾಟ್‌ನಲ್ಲಿ ನಿಮಿಷಕ್ಕೆ 500 ಅಡಿಯಂತೆ ಇಳಿದರೆ ಕಳೆಯುವುದು 5,000 ಅಡಿ ಮಾತ್ರ. ಉಳಿದ ಎತ್ತರವನ್ನು ವಿಒಆರ್ (ದಿಕ್ಕು ತೋರಿಸುವ ರೇಡಿಯೋ ಕೇಂದ್ರ) ಮೇಲಿನ ಹೋಲ್ಡಿಂಗ್‌ನಲ್ಲಿ, ಸುತ್ತಿಗೆ 2,000 ಅಡಿಯಂತೆ ಕಳೆದು, ಆಮೇಲೆ ಆ ಟೇಬಲ್‌ಟಾಪ್ ರನ್‌ವೇಯ ಐಎಲ್‌ಎಸ್‌ಗೆ ಬರಬೇಕು. ಏರು, ದಾರಿ, ಹೋಲ್ಡ್, ಇಳಿತ, ಎಲ್ಲವೂ ಒಂದೇ ಹಾರಾಟದಲ್ಲಿ. ಚಾರ್ಟ್‌ಗಳು ವಿಮಾನ ನಿಲ್ದಾಣ ಪ್ರಾಧಿಕಾರದ ಇ-ಎಐಪಿ ಎಂಬ ಆನ್‌ಲೈನ್ ಕೈಪಿಡಿಯಲ್ಲಿ ಉಚಿತ. ನ್ಯಾವಿಗೇಶನ್ ದತ್ತಾಂಶ 28 ದಿನಕ್ಕೊಮ್ಮೆ ಬದಲಾಗುತ್ತದೆ. ಸಿಮ್ಯುಲೇಟರ್‌ನ ಜೊತೆ ಬಂದದ್ದು ಹಳತಾಗಿ ಚಾರ್ಟ್‌ಗೆ ತಾಳೆಯಾಗದಿದ್ದರೆ ಹೊಸ ದತ್ತಾಂಶ ಕೊಡುವ ನ್ಯಾವಿಗ್ರಾಫ್‌ನ ಚಂದಾ ತೆಗೆದುಕೊಳ್ಳಿ. ಮಾತಾಡಲು ಕಂಟ್ರೋಲರ್ ಬೇಕಿದ್ದರೆ ವ್ಯಾಟ್‌ಸಿಮ್ ಎಂಬ ಆನ್‌ಲೈನ್ ಜಾಲ ಉಚಿತ, ಆದರೆ ಎಲ್ಲ ಸಂಜೆಯೂ ಸ್ವಯಂಸೇವಕರು ಇರುವುದಿಲ್ಲ.

ಕರೆಂಟಿನ ವಿಷಯ ಮರೆಯುವಂತಿಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ 300–400 ವಾಟ್ ಎಳೆಯುತ್ತದೆ. 600 ವಿಎ ಯುಪಿಎಸ್ ಅದನ್ನು ಹೊರಲಾರದು, 1,000 ವಿಎ ತನ್ನಿ. ಮನೆಯ ಇನ್ವರ್ಟರ್ ಸಾಕೆನ್ನುವವರು ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ಗೆ ಇದೆಯೇ ನೋಡಿಕೊಳ್ಳಬೇಕು. ಇಕೋ ಮೋಡ್‌ನಲ್ಲಿ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ಆರಿಹೋಗಬಹುದು. ಮಳೆಗಾಲದ ತೇವಕ್ಕೆ ಯೋಕ್, ಥ್ರಾಟಲ್‌ಗಳ ಒಳಭಾಗ ಕೆಟ್ಟು ಸೂಜಿ ತಾನಾಗಿ ನಡುಗುವುದುಂಟು. ಕೆಲಸ ಮುಗಿದ ಮೇಲೆ ಮುಚ್ಚಿದ ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ, ತಿಂಗಳಿಗೊಮ್ಮೆ ಕ್ಯಾಲಿಬ್ರೇಟ್ ಮಾಡಿ.

ಸಿಮ್ಯುಲೇಟರ್ ಕೊಡಲಾರದ್ದು ಒಂದಿದೆ. ಕುರ್ಚಿ ಅಲುಗುವುದಿಲ್ಲ, ಹಾಗಾಗಿ ಒಳಕಿವಿ ಸುಳ್ಳು ಹೇಳುವುದಿಲ್ಲ. ನಿಜವಾದ ಮೋಡದಲ್ಲಿ ತಿರುವಿನಿಂದ ನೇರಕ್ಕೆ ಬಂದ ಕೂಡಲೇ ಮೈಯೆಲ್ಲ ಇನ್ನೊಂದು ಕಡೆ ವಾಲಿದಂತೆ ಅನ್ನಿಸಿದಾಗ ಗಡಿಯಾರವನ್ನೇ ನಂಬುವ ಧೈರ್ಯ ಮೇಜಿನ ಮುಂದೆ ಬರುವಂಥದ್ದಲ್ಲ. ಅದಕ್ಕೇ ನಾಲ್ಕನೇ ವಾರ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿ ದಿನ ಗೊತ್ತುಮಾಡಿ. ಮ್ಯಾಪ್‌ನ ಚಿತ್ರಗಳನ್ನೂ ಆರ್‌ಪಿಎಂ ರಟ್ಟನ್ನೂ ತೆಗೆದುಕೊಂಡು ಹೋಗಿ. ಮೊದಲ ಹಾರಾಟದಲ್ಲಿ ಹುಡ್ (ಹೊರನೋಟ ಮರೆಸುವ ಟೋಪಿ) ಹಾಕಿಸಿ, ಕಣ್ಣು ಮುಚ್ಚಿ ತಲೆ ತಗ್ಗಿಸಿದಾಗ ವಿಮಾನವನ್ನು ಅಡ್ಡಾದಿಡ್ಡಿ ಮಾಡಿ ಕೈಗೆ ಕೊಡುವ ಅಭ್ಯಾಸವನ್ನೇ ಕೇಳಿ. ಅಪ್ರೋಚ್‌ಗಳನ್ನು ಎರಡನೇ ಹಾರಾಟಕ್ಕೆ ಇಡಿ.