ಗೋಕರ್ಣ: ಮಹಾಬಲೇಶ್ವರನ ಸನ್ನಿಧಿಗೂ ಕಡಲಿಗೂ ಬಿಡುವು ಮಾಡಿಕೊಂಡು ಹೋಗಬೇಕಾದ ಊರು

ಇಡಗುಂಜಿ, ಮುರ್ಡೇಶ್ವರ, ಗೋಕರ್ಣ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿಕೊಂಡು ಬರುವ ರೂಢಿ ನಮ್ಮ ಪ್ರವಾಸಿಗರಲ್ಲಿ ಬಲವಾಗಿದೆ. ಕುಟುಂಬ ಸಮೇತ ಗೋಕರ್ಣದಲ್ಲಿಯೇ ತಂಗಿ ನೋಡಿದ ಮೇಲೆ, ಈ ಊರನ್ನು ಹಾಗೆ ಅವಸರದಲ್ಲಿ ದಾಟಿಹೋಗುವುದು ದೊಡ್ಡ ನಷ್ಟವೆಂದು ನನಗೆ ಖಚಿತವಾಗಿದೆ. ದೇವರ ದರ್ಶನಕ್ಕೆ ಒಂದು ಬೆಳಗನ್ನೂ ಕಡಲತೀರಗಳಿಗೆ ಇಡೀ ಒಂದು ದಿನವನ್ನೂ ಕೊಡಲು ಸಾಧ್ಯವಿದ್ದವರು ಮಾತ್ರ ಇಲ್ಲಿಗೆ ಹೊರಡುವುದು ಒಳ್ಳೆಯದು.

ಸಂಪ್ರದಾಯದಂತೆ ಮೊದಲ ದರ್ಶನ ಮಹಾಗಣಪತಿಯದು. ಕೈಲಾಸದಿಂದ ಆತ್ಮಲಿಂಗವನ್ನು ತರುತ್ತಿದ್ದ ರಾವಣನು ಸಂಧ್ಯಾವಂದನೆಗೆ ಹೋಗುವಾಗ ಅದನ್ನು ವಟುವೇಷದ ಗಣಪತಿಯ ಕೈಗೆ ಕೊಟ್ಟದ್ದು, ಅವನು ಅದನ್ನು ನೆಲಕ್ಕಿಟ್ಟದ್ದು, ಸಿಟ್ಟಿಗೆದ್ದ ರಾವಣ ಅವನ ತಲೆಗೆ ಗುದ್ದಿದ್ದು ಎಲ್ಲರೂ ಬಲ್ಲ ಕಥೆ. ಆದರೆ ಎರಡೇ ಕೈಗಳುಳ್ಳ, ನಿಂತ ಭಂಗಿಯ ಆ ಶಿಲಾಮೂರ್ತಿಯ ನೆತ್ತಿಯ ಮೇಲಿನ ತಗ್ಗನ್ನು ಅರ್ಚಕರು ತೋರಿಸಿದಾಗ, ಚಿಕ್ಕಂದಿನಿಂದ ಕೇಳಿದ ಕಥೆ ಕಣ್ಣೆದುರಿಗೇ ಬಂದು ನಿಲ್ಲುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಗುಡಿಯನ್ನು ತಪ್ಪಿಸಬಾರದು.

ಮಹಾಬಲೇಶ್ವರ ದೇವಸ್ಥಾನದಲ್ಲಿ ಬೇಲೂರು, ಹಳೇಬೀಡುಗಳ ಕುಸುರಿ ಕೆತ್ತನೆಯನ್ನು ನಿರೀಕ್ಷಿಸಿ ಹೋಗುವವರಿಗೆ ನಿರಾಶೆಯಾದೀತು. ಇಲ್ಲಿನ ಹಿರಿಮೆ ಇರುವುದು ಗರ್ಭಗುಡಿಯಲ್ಲಿ. ಲಿಂಗವು ನೆಲಮಟ್ಟಕ್ಕಿಂತ ಕೆಳಗಿದ್ದು, ಅದನ್ನು ಆವರಿಸಿರುವ ಸಾಲಿಗ್ರಾಮ ಪೀಠದ ನಡುವಿನ ಸಣ್ಣ ರಂಧ್ರದೊಳಗೆ ಬೆರಳಿಳಿಸಿದರೆ ಮಾತ್ರ ಅದರ ತುದಿ ತಾಕುತ್ತದೆ. ಅಭಿಷೇಕದ ನೀರಿನಲ್ಲಿ ಒದ್ದೆಯಾದ ಬಿಲ್ವಪತ್ರೆಗಳನ್ನು ಸರಿಸಿ, ತಣ್ಣಗಿನ, ಉಬ್ಬುತಗ್ಗಾದ ಆ ಕಲ್ಲನ್ನು ಬೆರಳ ತುದಿಯಿಂದ ಮುಟ್ಟುವ ಕ್ಷಣ ಬಹಳ ಚಿಕ್ಕದು. ಹಿಂದೆ ಸಾಲು ಕಾಯುತ್ತಿರುತ್ತದೆ. ಆದರೂ ದೂರದಿಂದ ಕೈಮುಗಿದು ಬರುವ ಎಷ್ಟೋ ದರ್ಶನಗಳಿಗಿಂತ ಅದು ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದಿದೆ. ಲಿಂಗದ ಪೂರ್ಣ ದರ್ಶನ ದೊರೆಯುವುದು ಸುಮಾರು 40 ವರ್ಷಗಳಿಗೊಮ್ಮೆ ನಡೆಯುವ ಅಷ್ಟಬಂಧದ, ಅಂದರೆ ಲಿಂಗವನ್ನೂ ಪೀಠವನ್ನೂ ಮತ್ತೆ ಭದ್ರವಾಗಿ ಬೆಸೆಯುವ ವಿಧಿಯ, ಸಂದರ್ಭದಲ್ಲಿ ಮಾತ್ರ.

ಗಂಡಸರು ಪಂಚೆ ಉಟ್ಟು, ಅಂಗಿ ಕಳಚಿ ಒಳಗೆ ಹೋಗಬೇಕು. ಹೆಂಗಸರಿಗೆ ಸೀರೆ ಅಥವಾ ಸಲ್ವಾರ್ ಸೂಕ್ತ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆಗೇ ತೆರೆಯುವುದರಿಂದ ಬೆಳಿಗ್ಗೆ ಬೇಗ ತಲುಪುವುದು ಕ್ಷೇಮ. ಸೋಮವಾರಗಳಂದು ಮತ್ತು ಮಹಾರಥೋತ್ಸವ ನಡೆಯುವ ಶಿವರಾತ್ರಿಯ ಸಮಯದಲ್ಲಿ ಜನಸಂದಣಿ ಹೆಚ್ಚು. ಶಾಂತವಾಗಿ ದರ್ಶನ ಬಯಸುವವರು ಬೇರೆ ದಿನ ಆರಿಸಿಕೊಳ್ಳಲಿ.

ದೇವಸ್ಥಾನದಿಂದ ನಡೆದುಹೋಗುವಷ್ಟು ದೂರದಲ್ಲಿ, ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳಿರುವ ಕೋಟಿತೀರ್ಥವಿದೆ. ಸುತ್ತಲಿನ ಹಳೆಯ ಮನೆಗಳೂ ಗುಡಿಗಳೂ ಸೇರಿ ಈ ಕೆರೆಯನ್ನು ಊರಿನ ಅತ್ಯಂತ ಸುಂದರ ಜಾಗವನ್ನಾಗಿ ಮಾಡಿವೆ. ನಾವು ಹೋದಾಗ ಮೆಟ್ಟಿಲ ಬುಡದಲ್ಲಿ ಹೂವಿನ ಜೊತೆ ಪ್ಲಾಸ್ಟಿಕ್ ಚೀಲಗಳೂ ತೇಲುತ್ತಿದ್ದವು. ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವ ನೀರಿಗೆ ಭಕ್ತರಾದ ನಾವೇ ಕಸ ಎಸೆಯುವುದನ್ನು ಕಂಡು ನಿಜಕ್ಕೂ ಸಂಕಟವಾಯಿತು.

ಕಡಲತೀರಗಳಲ್ಲಿ ಊರಿಗೆ ಅಂಟಿಕೊಂಡಿರುವ ಮುಖ್ಯ ತೀರವು ಯಾತ್ರಿಕರದು. ಅದರ ದಕ್ಷಿಣಕ್ಕೆ ಗುಡ್ಡ ದಾಟಿದರೆ ಕುಡ್ಲೆ, ಅದನ್ನೂ ದಾಟಿದರೆ ಓಂ ಬೀಚ್. ರಸ್ತೆಯಲ್ಲಿ ಹೋದರೆ ಓಂ ಬೀಚ್ ಊರಿನಿಂದ ಸುಮಾರು 6 ಕಿಲೋಮೀಟರ್. ನಡುವೆ ಬಂಡೆಗಳು ಚಾಚಿಕೊಂಡು ಮರಳನ್ನು ಎರಡು ಬಿಲ್ಲುಗಳಾಗಿ ಬೇರ್ಪಡಿಸಿರುವ ಅದರ ಆಕಾರವನ್ನು ನೋಡಬೇಕಾದದ್ದು ಮೇಲಿನ ಗುಡ್ಡದಿಂದಲೇ. ಅಲ್ಲಿಂದ ಮುಂದಿನ ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳಿಗೆ ವಾಹನ ಹೋಗುವುದಿಲ್ಲ. ಕೆಂಪು ಮುರಕಲ್ಲಿನ ಕಾಲುದಾರಿ ಅಥವಾ ದೋಣಿಯೇ ಗತಿ. ಮೊಣಕಾಲು ಗಟ್ಟಿ ಇರುವವರಿಗೆ ಕಾಲುದಾರಿಯನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ಪ್ರತಿ ತಿರುವಿನಲ್ಲಿಯೂ ಕಡಲು ಬೇರೆಯೇ ಎತ್ತರದಿಂದ ಕಾಣಿಸುತ್ತದೆ. ನಾವು ಮರಳುವಾಗ ಹತ್ತಿದ ದೋಣಿಯಲ್ಲಿ ಕೇಳುವ ತನಕ ಯಾರಿಗೂ ಲೈಫ್ ಜಾಕೆಟ್ ಕೊಡಲಿಲ್ಲ. ನೀವು ಹತ್ತುವ ಮೊದಲೇ ಕೇಳಿ ಪಡೆಯಿರಿ. ಈ ತೀರಗಳಲ್ಲಿ ಸೆಳೆತ ಬಲವಾಗಿರುವುದರಿಂದ ಜೀವರಕ್ಷಕರು ಬೇಡವೆಂದ ಕಡೆ ನೀರಿಗಿಳಿಯಲೇಬಾರದು.

ಸಮಯ ಉಳಿದರೆ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡಬಹುದು. ಸುಮಾರು 20 ಕಿಲೋಮೀಟರ್ ದೂರದ ಮಿರ್ಜಾನ್ ಕೋಟೆಗಂತೂ ಸಮಯ ಮಾಡಿಕೊಂಡಾದರೂ ಹೋಗಬೇಕು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಅಘನಾಶಿನಿ ನದಿಯ ಸನಿಹದ ಈ ಮುರಕಲ್ಲಿನ ಕೋಟೆಯ ಗೋಡೆಗಳು ಮಳೆ ನಿಂತ ಮೊದಲ ವಾರಗಳಲ್ಲಿ ಪಾಚಿಯಿಂದ ಹಸಿರಾಗಿರುತ್ತವೆ.

ರೈಲಿನಲ್ಲಿ ಬರುವವರು ಕೊಂಕಣ ರೈಲ್ವೆಯ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಊರಿಗೆ ಆಟೋ ಸಿಗುತ್ತದೆ. ದರ್ಶನ, ಕಡಲು ಎರಡೂ ಬೇಕೆನ್ನುವವರಿಗೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಅನುಕೂಲ. ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ, ಗುಡ್ಡದ ದಾರಿಯೂ ಜಾರುತ್ತದೆ.