ಟೆಕ್ಸನ್ ಪಿಎಲ್-330 ಮತ್ತು ಪಿಎಲ್-660: ಶಾರ್ಟ್‌ವೇವ್ ಆಸಕ್ತರಿಗೆ ಯಾವುದು?

ಈ ಎರಡೂ ರೇಡಿಯೊಗಳಲ್ಲಿ ಎಸ್‌ಎಸ್‌ಬಿ (ಸಿಗ್ನಲ್‌ನ ಒಂದೇ ಪಕ್ಕದ ಪಟ್ಟಿಯಲ್ಲಿ ಬರುವ ಮಾತನ್ನು ಕೇಳಿಸುವ) ಸೌಲಭ್ಯವಿರುವುದರಿಂದ, ಸಾಮಾನ್ಯ ರೇಡಿಯೊದಲ್ಲಿ ಬರಿಯ ಗೊರಗೊರ ಸದ್ದಾಗಿ ಕೇಳುವ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊ ಬಳಕೆದಾರರ) ಮಾತು, 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಎಲ್‌ಎಸ್‌ಬಿ (ಕೆಳಪಕ್ಕದ ಪಟ್ಟಿ) ಆರಿಸಿ ನಿಧಾನವಾಗಿ ಟ್ಯೂನ್ ಮಾಡಿದಾಗ ಸ್ಪಷ್ಟ ಮಾತಾಗುತ್ತದೆ. ಅಂಗೈಯಗಲದ 330 ಪ್ರಯಾಣಕ್ಕೆ ಹೇಳಿಮಾಡಿಸಿದಂತಿದೆ. ಅದರ ಇಟಿಎಂ ವ್ಯವಸ್ಥೆಯು ಆ ಹೊತ್ತಿನಲ್ಲಿ ಸಿಗುವ ಕೇಂದ್ರಗಳನ್ನು ತಾನೇ ಹುಡುಕಿ, ಗಂಟೆವಾರು ನೆನಪಿಟ್ಟುಕೊಳ್ಳುತ್ತದೆ. ಹಳೆಯ ಮೊಬೈಲಿನ ಬಿಎಲ್-5ಸಿ ಬ್ಯಾಟರಿ ಸಾಕು.

660 ದೊಡ್ಡದು, ನಾಲ್ಕು ಎಎ ಸೆಲ್ ಬೇಡುತ್ತದೆ. ಆದರೆ ವಿಮಾನ ಸಂಪರ್ಕದ ಬ್ಯಾಂಡ್ ಅದರಲ್ಲಿ ಮಾತ್ರ ಇದೆ. ಸಿಗ್ನಲ್ ಏರಿಳಿಯುವಾಗ ಧ್ವನಿ ಒಡೆಯದಂತೆ ಹಿಡಿದಿಡುವ ಸಿಂಕ್ ಗುಂಡಿಯೂ ಎದುರಿಗೇ ಇರುವುದರಿಂದ, ಮನೆಯಲ್ಲಿ ಕುಳಿತು ಕೇಳುವವರಿಗೆ ನಾನು ಇದನ್ನೇ ಸೂಚಿಸುವೆ. ಯಾವುದನ್ನು ಕೊಂಡರೂ ರೇಡಿಯೊದಲ್ಲಿ ಗದ್ದಲ ಎಬ್ಬಿಸುವ ಹತ್ತಿರದ ಎಲ್‌ಇಡಿ ದೀಪ, ಚಾರ್ಜರ್‌ಗಳನ್ನು ಮೊದಲು ಬಂದ್ ಮಾಡಿರಿ.